ಐದನೆಯ ಎಣ್ಣೆತೂತು

“ಈ ಮಶೀನಿಗೆ ಕುಸುಬಿ ಎಣ್ಣಿ ಹಾಕಿದವ್ರು ಯಾರ್ರಿ?”

ದನಿ ಏರಿರಲಿಲ್ಲ. ಆದರೂ ಸುಹಾಸಿನಿ ಕುರ್ಚಿಯಿಂದ ಎದ್ದು ನಿಂತಳು.

ಧಾರವಾಡದ ಹತ್ತಿ ಮಾರಾಟ ಸಂಘದ ಕಚೇರಿಗೆ ಅವಳು ಟೈಪಿಸ್ಟ್ ಆಗಿ ಸೇರಿ ಅಂದಿಗೆ ಹನ್ನೊಂದೇ ದಿನ. ೧೯೬೨ರ ಜೂನ್ ತಿಂಗಳ ಮಿರಗದ ಮಳೆ ಇನ್ನೂ ಹಿಡಿದಿರಲಿಲ್ಲ. ಒಂದು ಪತ್ರವನ್ನು ನೂರಾರು ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಕಚೇರಿಯ ಮೂಲೆಯಲ್ಲಿ ಮುಂಜಾನೆಯಿಂದ ಮುನಿಸಿಕೊಂಡು ಕೂತಿತ್ತು. ಹಿಡಿಕೆ ತಿರುವಿದರೆ ಅರ್ಧ ಸುತ್ತು ಬಂದು ನಿಲ್ಲುತ್ತಿತ್ತು. ಅವಳು ಇಡೀ ದಿನ ಕೂತು ಟೈಪ್ ಮಾಡಿದ್ದ ಮೇಣದ ಸ್ಟೆನ್ಸಿಲ್ ಹಾಳೆ ಡ್ರಮ್ಮಿನ ಮೇಲೆ ಹರಿದು ಜೋತುಬಿದ್ದಿತ್ತು.

ಹುಬ್ಬಳ್ಳಿಯ ದೇಶಪಾಂಡೆ ನಗರದ ರಿಪೇರಿ ಅಂಗಡಿಯಿಂದ ಬಂದಿದ್ದ ಮೆಕ್ಯಾನಿಕ್ ಉಡಚಪ್ಪ, ಹಲ್ಲುಚಕ್ರದ ಸಂದಿಯಿಂದ ಹಳದಿ ಅಂಟೊಂದನ್ನು ಉಗುರಿನಿಂದ ಕೆರೆದು, ಮೂಸಿ, ನೇರವಾಗಿ ಅವಳನ್ನೇ ನೋಡುತ್ತಿದ್ದ.

ಹಾಕಿದ್ದು ಅವಳಲ್ಲ. ಹಾಕಿದವನು ಜವಾನ ಯಮನಪ್ಪ. ಅವನು ಬಾಗಿಲಲ್ಲಿ ನಿಂತು ತನ್ನ ಕಾಲ್ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ.

‘ನಾನಲ್ಲ’ ಎಂದರೆ ಮುಗಿಯುತ್ತಿತ್ತು. ಆದರೆ ಬೇಕಾದ ಹೊತ್ತಿನಲ್ಲಿ ಸುಹಾಸಿನಿಗೆ ಮಾತು ಬರುತ್ತಿರಲಿಲ್ಲ. ಬಿ.ಎ. ಓದುವಾಗಲೂ ಅಷ್ಟೇ. ಉತ್ತರ ಗೊತ್ತಿದ್ದರೂ ಕೈಯೆತ್ತಿದವಳಲ್ಲ.

“ಬಾಯಾರ, ಕುಸುಬಿ ಎಣ್ಣಿ ರೊಟ್ಟಿ-ಚಟ್ನಿಗೆ ಛಲೋ,” ಎಂದ ಉಡಚಪ್ಪ. “ಗಾಳಿಗೆ ಬಿಟ್ರ ಅದು ಒಣಗಿ ಗೋಂದ್ ಆಗ್ತೈತಿ. ಈ ಮಶೀನು ಕೆಟ್ಟಿಲ್ಲ. ಅಂಟಿಕೊಂಡೈತಿ.”

ಅವಳು ತಲೆ ತಗ್ಗಿಸಿದಳು. ಕಣ್ಣು ತುಂಬಿತು.

ಅದನ್ನು ಕಂಡು ಯಮನಪ್ಪನಿಗೆ ತಡೆಯಲಾಗಲಿಲ್ಲ. “ಅಕ್ಕಾರದು ತಪ್ಪಿಲ್ರಿ, ನಾನ ಹಾಕೀನಿ. ನಮ್ಮ ಮನ್ಯಾಗ ಬಾವಿ ಗಾಲಿಗೂ ಅದ ಎಣ್ಣಿ, ನನ್ನ ಹೇಣ್ತಿ ತಲಿಗೂ ಅದ ಎಣ್ಣಿ. ಎರಡೂ ಇನ್ನಾ ತಿರಗಾಕತ್ತಾವು.”

ಉಡಚಪ್ಪ ನಗಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳ ಕಡೆ ತಿರುಗಿದ.

“ಹಂಗಾರ ನೀವ್ಯಾಕ ಸುಮ್ನ ಬೈಸಿಕೊಂಡ್ರಿ?”

ಅವಳು ಹರಿದ ಸ್ಟೆನ್ಸಿಲ್ ಹಾಳೆಯನ್ನು ಡ್ರಮ್ಮಿನಿಂದ ಬಿಡಿಸತೊಡಗಿದಳು. ಅವನು ಸೀಮೆಎಣ್ಣೆಯಲ್ಲಿ ಒಂದೊಂದೇ ಚಕ್ರ ತೊಳೆಯುತ್ತ, ನಡುನಡುವೆ ತಲೆಯೆತ್ತಿ ನೋಡಿದ್ದು ಮಾತ್ರ ಅವಳಿಗೆ ಗೊತ್ತಾಗಿತ್ತು.

*

ಆಮೇಲೆ ಅವನು ಪ್ರತಿ ತಿಂಗಳ ಮೊದಲ ಸೋಮವಾರ ಬರತೊಡಗಿದ. ಎಣ್ಣೆಯ ಕೆಲಸವನ್ನು ಯಮನಪ್ಪನ ಕೈಯಿಂದ ಬಿಡಿಸಿ ಅವಳಿಗೆ ಕಲಿಸಿಕೊಟ್ಟ.

ಯಂತ್ರಕ್ಕೆ ಏಳು ಎಣ್ಣೆತೂತುಗಳಿದ್ದವು. ವಾರಕ್ಕೊಮ್ಮೆ ಒಂದೊಂದಕ್ಕೂ ಹೊಲಿಗೆಯಂತ್ರದ ತೆಳು ಎಣ್ಣೆ ಒಂದೇ ಹನಿ. ಎರಡಾದರೆ ಹಾಳೆಗೆ ಕಲೆ. ಹಲ್ಲುಚಕ್ರಕ್ಕೆ ಎಣ್ಣೆಯಲ್ಲ, ಗ್ರೀಸು. ಕಾಗದ ಎಳೆಯುವ ರಬ್ಬರ್ ರೋಲಿಗೆ ಏನನ್ನೂ ತಾಗಿಸಬಾರದು, ತಾಗಿದರೆ ಕಾಗದ ಜಾರುತ್ತದೆ. ಐದನೆಯ ತೂತು ಡ್ರಮ್ಮಿನ ಎಡತುದಿಯ ಬುಶ್ಶಿನ, ಅಂದರೆ ಅಚ್ಚು ತಿರುಗುವ ಲೋಹದ ಬಳೆಯ, ಮೇಲಿತ್ತು. ಶಾಯಿಯ ಮುಚ್ಚಳದ ಹಿಂದೆ ಅಡಗಿದ್ದರಿಂದ ಮೊಣಕಾಲೂರಿ ಬಗ್ಗಿದರಷ್ಟೇ ಕಾಣುತ್ತಿತ್ತು.

ಅವಳು ಬೇಗ ಕಲಿತಳು. ಅದಕ್ಕಿಂತ ಬೇಗ ಸೋಮವಾರಗಳನ್ನು ಕಾಯಲು ಕಲಿತಳು.

ಅವರ ನಡುವೆ ದೊಡ್ಡ ಮಾತೇನೂ ನಡೆಯುತ್ತಿರಲಿಲ್ಲ. ಅವನು ಮ್ಯಾಟ್ರಿಕ್‌ಗೆ ಓದು ಬಿಟ್ಟವನು. ಅವಳು ಓದಿದ ಇತಿಹಾಸದ ಬಗ್ಗೆ ಕೇಳುತ್ತಿದ್ದ. ಅವನ ಊರು ಅಮ್ಮಿನಬಾವಿ. ದಮ್ಮಿನ ಬೇನೆಯ ತಾಯಿ ಮಾಳವ್ವನನ್ನು ಹುಬ್ಬಳ್ಳಿಗೆ ಕರೆತಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡು, ವಾರವಾರ ದವಾಖಾನೆಗೆ ಒಯ್ಯುತ್ತಿದ್ದ.

“ನಮ್ಮವ್ವ ಏನಂತಾಳ ಗೊತ್ತೇನ್ರಿ? ದಿನಾ ಕೈತುಂಬ ಎಣ್ಣಿ ಹಚ್ಚಿಕೊಂಡು ಬರ್ತಿ, ಒಂದ್ ದಿವ್ಸರ ತಲಿಗೆ ಹಚ್ಚಿಕೋ ಅಂತಾಳ.”

ಸುಹಾಸಿನಿ ನಕ್ಕಳು. ತನ್ನ ನಗುವಿನ ಸದ್ದಿಗೆ ತಾನೇ ಬೆಚ್ಚಿದಳು. ಶಾಲಾ ಮಾಸ್ತರರಾಗಿದ್ದ ತಂದೆ ಗಿರಿಯಪ್ಪ ತೀರಿಹೋದ ಮೇಲೆ ಅವಳು ಹಾಗೆ ನಕ್ಕಿದ್ದೇ ಇಲ್ಲ.

ಅಕ್ಟೋಬರಿನ ಸೋಮವಾರ ಮ್ಯಾನೇಜರ್ ಶಾಂತಯ್ಯನವರು ಯಂತ್ರದ ಬಳಿ ಬಂದು ನಿಂತರು. ನಾಲ್ಕು ತಿಂಗಳಿಂದ ಒಂದು ಹಾಳೆಯೂ ಕೆಟ್ಟಿರಲಿಲ್ಲ. ಹುಡುಗಿಯೇ ಇಷ್ಟು ಚೆಂದ ನೋಡಿಕೊಳ್ಳುವಾಗ ಮೆಕ್ಯಾನಿಕ್ ತಿಂಗಳಿಗೊಮ್ಮೆ ಯಾಕೆ, ಮೂರು ತಿಂಗಳಿಗೊಮ್ಮೆ ಬಂದರೆ ಸಾಲದೇ ಎಂದು ಕೇಳಿದರು.

ಉಡಚಪ್ಪ ಒಂದು ಗಳಿಗೆ ಅವಳ ಮುಖ ನೋಡಿದ.

“ಸಾಕ್ರಿ ಸಾಹೇಬ್ರ. ಬಾಯಾರ ಕೈ ನನ್ನ ಕೈಗಿಂತ ಸ್ವಚ್ಛ ಐತಿ.”

ಮೆಚ್ಚುಗೆಯ ಮಾತು ಅದು. ಅವಳಿಗೆ ಶಿಕ್ಷೆಯಾಗಿ ಕೇಳಿಸಿತು.

ಮೂರು ತಿಂಗಳು... ಅಂದರೆ ಸಂಕ್ರಾಂತಿ!

‘ನೀವು ಬರ್ರಿ’ ಎನ್ನಲು ಅವಳಿಗೆ ಯಾವ ಹಕ್ಕಿತ್ತು? ಹಕ್ಕಿದ್ದರೂ ಬಾಯಿತ್ತೇ?

ಮುಂದಿನ ಶನಿವಾರ ಅವಳು ಎಣ್ಣೆಯ ಬುಡ್ಡಿ ಹಿಡಿದು ಒಂದು, ಎರಡು, ಮೂರು, ನಾಲ್ಕು ಎಂದು ಹನಿ ಬಿಟ್ಟಳು. ಐದನೆಯದಕ್ಕೆ ಮೊಣಕಾಲೂರಿದಳು. ತೂತನ್ನು ನೋಡಿದಳು. ಹನಿ ಬಿಡಲಿಲ್ಲ. ಎದ್ದು, ಆರು, ಏಳು ಮುಗಿಸಿದಳು.

ಹನ್ನೆರಡು ದಿನಕ್ಕೆ ಯಂತ್ರ ಕಿರುಗುಟ್ಟಿತು. ಶಾಂತಯ್ಯನವರು ಹುಬ್ಬಳ್ಳಿಗೆ ಫೋನು ಹಚ್ಚಿದರು. ಆ ಕರ್ಕಶ ಸದ್ದು ಅವಳ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಅವಳಿಗೆ ಭಯವೇ ಆಯಿತು.

ಅವನು ಬಂದ. ಬಗ್ಗಿ ಎಡತುದಿಯನ್ನು ನೋಡಿದ. ಏನೂ ಅನ್ನದೆ ಎಣ್ಣೆ ಬಿಟ್ಟು, ಕೆಲಸದ ಚೀಟಿಯಲ್ಲಿ ಎರಡು ಸಾಲು ಬರೆದು ಶಾಂತಯ್ಯನವರ ಸಹಿ ಪಡೆದ. ಹೋಗುವಾಗ, “ಆತ್ರಿ ಬಾಯಾರ, ಈಗ ಸರಿ ಐತಿ,” ಎಂದ.

ಒಂದೇ ಸಲ, ಇನ್ನಿಲ್ಲ ಎಂದು ಅವಳು ಮನಸ್ಸಿಗೆ ಹೇಳಿಕೊಂಡಳು. ನವೆಂಬರಿನಲ್ಲಿ ಮತ್ತೊಮ್ಮೆ ಆಯಿತು. ಡಿಸೆಂಬರಿನಲ್ಲಿ ಮೂರನೆಯ ಸಲ.

*

ಮೂರನೆಯ ಸಲ ಯಂತ್ರ ಕಿರುಗುಟ್ಟಿ ಸುಮ್ಮನಾಗಲಿಲ್ಲ, ಬಿಗಿದುಕೊಂಡಿತು. ಸಂಘದ ಸರ್ವಸಾಧಾರಣ ಸಭೆಯ ನೋಟೀಸು ಆರುನೂರು ಸದಸ್ಯರಿಗೆ ಅಂದೇ ಅಂಚೆಗೆ ಬೀಳಬೇಕಿತ್ತು. ಬೀಳಲಿಲ್ಲ. ಉಡಚಪ್ಪ ಬಂದು ಬಿಡಿಸುವಷ್ಟರಲ್ಲಿ ಅಂಚೆಯ ಹೊತ್ತು ಮೀರಿ, ಸಭೆಯ ದಿನವನ್ನೇ ಮುಂದೂಡಬೇಕಾಯಿತು. ಶಾಂತಯ್ಯನವರು ಸಂಘದ ಅಧ್ಯಕ್ಷರಿಂದ ಎಲ್ಲರೆದುರು ಮಾತು ಕೇಳಿಸಿಕೊಂಡರು.

ಅವರು ಬೆಳಗಾವಿಯಿಂದ ಬೇರೊಬ್ಬ ಮೆಕ್ಯಾನಿಕ್‌ನನ್ನು ಕರೆಸಿ ಯಂತ್ರ ತೋರಿಸಿದರು. ಅವನು ನೋಡಿ ಹೋದ ಮೇಲೆ ಸುಹಾಸಿನಿಯನ್ನು ಒಳಗೆ ಕರೆದರು.

“ಕೂಡು ತಂಗಿ. ಹುಬ್ಬಳ್ಳಿ ಅಂಗಡಿ ಮಾಲಕ ದ್ಯಾಮಣ್ಣಗ ಪತ್ರ. ಬರ್ಕೋ.”

ಅವಳು ಪೆನ್ಸಿಲ್ ಹಿಡಿದಳು. ಅವರು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು... ನಿಮ್ಮ ಮೆಕ್ಯಾನಿಕ್ ಉಡಚಪ್ಪ ಮೂರು ಸಲವೂ ಚೀಟಿಯಲ್ಲಿ ‘ಎಡಗಡೆಯ ಬುಶ್ ಸವೆದಿದೆ’ ಎಂದು ಬರೆದಿದ್ದಾನೆ. ಬುಶ್ ಸವೆದಿಲ್ಲ, ಹೊಸದರಂತಿದೆ. ಅಲ್ಲಿ ಎಣ್ಣೆಯೇ ಇರಲಿಲ್ಲ. ಮತ್ತೆ ಮತ್ತೆ ಕರೆಸಿಕೊಳ್ಳಲೆಂದು ಅವನೇ ಆ ತೂತನ್ನು ನಮ್ಮ ಟೈಪಿಸ್ಟಿಗೆ ತೋರಿಸದೆ ಒಣ ಬಿಟ್ಟು, ಸುಳ್ಳು ಬರೆದು ಹೋಗುತ್ತಿದ್ದಾನೆ...

ಪೆನ್ಸಿಲ್ ಒಂದು ಗಳಿಗೆ ನಿಂತಿತು.

ಬುಶ್ ಸವೆದಿದೆ ಎಂದು ಬರೆದನೇ? ಮೂರು ಸಲವೂ?

ಹಾಗಾದರೆ ಅವನಿಗೆ ಗೊತ್ತಿತ್ತು. ತೂತು ಒಣಗಿದ್ದು ಕಂಡಿತ್ತು. ಅವಳ ಮೇಲೆ ಮಾತು ಬರಬಾರದೆಂದು ಬುಶ್ಶಿನ ಮೇಲೆ ಹಾಕಿದ್ದ.

‘ಸಾಹೇಬ್ರ, ಅದು ನಾನು.’ ಮೂರೇ ಶಬ್ದ. ನಾಲಿಗೆಯ ತುದಿಗೆ ಬಂದು ಕೂತವು.

ಆ ಕಚೇರಿಗೆ ಬಂದ ಮೊದಲ ಹೆಣ್ಣುಮಗಳು ಅವಳು. ಸೇರಿದ ದಿನ ಶಾಂತಯ್ಯನವರು ಹೇಳಿದ್ದರು, ಹುಡುಗಿಯರನ್ನು ತೆಗೆದುಕೊಳ್ಳುವುದು ಬೇಡವೆಂದು ಹತ್ತು ಮಂದಿ ಹಟ ಹಿಡಿದಿದ್ದರೂ ತಾನು ಜವಾಬ್ದಾರಿ ಹೊತ್ತಿದ್ದೇನೆ ಎಂದು. ಮನೆಯಲ್ಲಿ ತಾಯಿ ದುರಗವ್ವ, ಓದುತ್ತಿರುವ ಇಬ್ಬರು ತಂಗಿಯರು. ಈ ನೌಕರಿಯೊಂದೇ ಆಸರೆ.

ಅವಳು ಪತ್ರವನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿದಳು. ಕೆಳಗಿನ ಎಡಮೂಲೆಯಲ್ಲಿ, ಕಚೇರಿಯ ಪದ್ಧತಿಯಂತೆ, ಟೈಪ್ ಮಾಡಿದವರ ಹೆಸರಿನ ಎರಡು ಅಕ್ಷರ ಹಾಕಿದಳು.

ಯಮನಪ್ಪ ಪತ್ರವನ್ನು ಅಂಚೆಗೆ ಒಯ್ಯುವುದನ್ನು ಕಿಟಕಿಯಿಂದ ನೋಡಿದಳು. ನಾಳೆ ಹೇಳುತ್ತೇನೆ ಎಂದುಕೊಂಡಳು.

ಆ ನಾಳೆ ಬರಲಿಲ್ಲ.

*

ಜನವರಿಯಲ್ಲಿ ಹುಬ್ಬಳ್ಳಿ ಅಂಗಡಿಯಿಂದ ಬೇರೊಬ್ಬ ಮೆಕ್ಯಾನಿಕ್ ಬಂದ. ಉಡಚಪ್ಪನನ್ನು ಕೆಲಸದಿಂದ ತೆಗೆದರು, ಅಂಗಡಿಯ ಹಿಂದಿನ ಕೋಣೆಯನ್ನೂ ಬಿಡಿಸಿದರು, ತಾಯಿಯನ್ನು ಕರೆದುಕೊಂಡು ಊರಿಗೆ ಹೋದ ಎಂದು ಯಮನಪ್ಪನಿಗೆ ಹೇಳಿ ಹೋದ. ಯಮನಪ್ಪ ಆ ದಿನ ಯಾವ ಚಾಷ್ಟಿಯನ್ನೂ, ನಗೆಮಾತನ್ನೂ ಆಡಲಿಲ್ಲ.

ಸುಹಾಸಿನಿ ಏಳೂ ತೂತುಗಳಿಗೆ ತಪ್ಪದೆ ಎಣ್ಣೆ ಬಿಡುತ್ತಿದ್ದಳು. ಯಂತ್ರ ಸದ್ದಿಲ್ಲದೆ ತಿರುಗುತ್ತಿತ್ತು.

ಬಂದವರೆಲ್ಲರಿಗೂ ಶಾಂತಯ್ಯನವರು ಅದನ್ನೇ ತೋರಿಸುತ್ತಿದ್ದರು. ನೋಡಿರಿ, ಆ ಕಳ್ಳ ಹೋದ ಮೇಲೆ ಒಂದು ದಿನವಾದರೂ ಕಿರುಗುಟ್ಟಿತೇ? ಇನ್ನೇನು ಸಾಕ್ಷಿ ಬೇಕು?

ಅವಳು ಬಿಡುವ ಒಂದೊಂದು ಹನಿಯೂ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಬಿಡದಿದ್ದರೆ ಯಂತ್ರ ಕೆಡುತ್ತದೆ, ಬಿಟ್ಟರೆ ಅವನು ಕಳ್ಳನಾಗುತ್ತಾನೆ. ಶನಿವಾರ ಬಂತೆಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಏನಾಗಿದೆ ಎಂದು ದುರಗವ್ವ ಕೇಳಿದರೆ ತಲೆನೋವು ಎನ್ನುತ್ತಿದ್ದಳು.

ಏಪ್ರಿಲ್ ಕೊನೆಗೆ ಗದಗಿನ ಒಂದು ಛಾಪಖಾನೆಯಿಂದ ಪತ್ರ ಬಂತು. ಉಡಚಪ್ಪ ಎಂಬಾತ ತಮ್ಮಲ್ಲಿ ಕೆಲಸ ಕೇಳಿದ್ದಾನೆ, ನಿಮ್ಮಲ್ಲಿಗೆ ಬರುತ್ತಿದ್ದನಂತೆ, ಎಂಥ ಮನುಷ್ಯ ತಿಳಿಸಬೇಕು.

ಶಾಂತಯ್ಯನವರು ಅವಳನ್ನು ಒಳಗೆ ಕರೆದರು. ಬರ್ಕೋ ತಂಗಿ ಎಂದರು. ‘ಈ ಮನುಷ್ಯ ನಂಬಿಕೆಗೆ...’ ಎಂದು ಮೊದಲ ಸಾಲು ಹೇಳಿದರು.

ಅವಳು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು.

“ಯಾಕ, ಮೊನಿ ಮುರೀತೇನು?”

“ಸಾಹೇಬ್ರ... ಆ ತೂತಿಗೆ ಎಣ್ಣಿ ಬಿಡದಿದ್ದಾಕಿ ನಾನು.”

ಅವರಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಹೇಳಿದಳು. ಮೂರು ಸಲವೂ ಬೇಕೆಂದೇ ಬಿಟ್ಟೆ. ಅವರು ನನ್ನ ತಪ್ಪು ಮುಚ್ಚಲು ಬುಶ್ಶಿನ ಮಾತು ಬರೆದರು. ಅದು ಗೊತ್ತಾಗಿಯೂ ನಾನು ಆ ಪತ್ರ ಟೈಪ್ ಮಾಡಿದೆ. ದನಿ ನಡುಗಲಿಲ್ಲ.

ಯಾಕೆ ಬಿಟ್ಟೆ ಎಂದು ಅವರು ಕೇಳಿದರು. ಅದೊಂದಕ್ಕೆ ಅವಳು ಉತ್ತರ ಕೊಡಲಿಲ್ಲ. ಅದನ್ನು ಕೇಳುವ ಹಕ್ಕು ಇನ್ನೊಬ್ಬನದಾಗಿತ್ತು.

ಶಾಂತಯ್ಯನವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಹೆಣ್ಮಕ್ಕಳು ಬ್ಯಾಡ ಅಂದವ್ರ ಮುಂದ ನಾ ಇನ್ನ ಏನ್ ಮಾತಾಡ್ಲಿ, ತಂಗಿ?”

ಕನ್ನಡಕ ಮತ್ತೆ ಹಾಕಿಕೊಂಡು, ಎರಡು ಪತ್ರ ಬರೆಯಲು ಹೇಳಿದರು. ಒಂದು ಗದಗಿಗೆ, ಒಂದು ದ್ಯಾಮಣ್ಣನವರಿಗೆ. ಎರಡರಲ್ಲೂ ನಡೆದದ್ದು ನಡೆದಂತೆ. ಅವುಗಳ ಪ್ರತಿಯನ್ನು ಉಡಚಪ್ಪನಿಗೂ ಕಳಿಸಬೇಕು. ಆ ಕಚೇರಿಯಲ್ಲಿ ಅವಳು ಟೈಪ್ ಮಾಡಿದ ಕಡೆಯ ಪತ್ರಗಳು ಅವೇ.

ಸಂಜೆ ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದಳು. ದುರಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನದು ಬೆಂದ ಮೇಲೆ ಕೇಳಿದಳು:

“ಅವನ ಮುಂದ ಹೇಳೀಯೇನು?”

“ಇಲ್ಲವ್ವ.”

“ಮತ್ತ ಎಲ್ಲಾರಿಗೂ ಹೇಳಿದಂಗ ಹೆಂಗಾತು?”

*

ಪತ್ರ ಹೋದ ಎರಡನೆಯ ಐತವಾರ ಅವಳು ಅಮ್ಮಿನಬಾವಿಯಲ್ಲಿ ಬಸ್ಸಿಳಿದಳು.

ಮಾಳವ್ವನ ಮನೆ ಯಾವುದು ಎಂದು ಕೇಳಿದಾಗ, ಜೋಳದ ಬುಟ್ಟಿ ಹೊತ್ತು ಹೊರಟಿದ್ದ ಹೆಂಗಸೊಬ್ಬಳು ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ದೂರದವ್ರೇನವಾ? ಮಾಳವ್ವ ಎಲ್ಲಿದಾಳ. ಶಿವರಾತ್ರಿ ಆಗಿ ಎಂಟು ದಿವ್ಸಕ್ಕ ಹೋದ್ಲು. ಮಗ ಗಿರಣ್ಯಾಗ ಅದಾನ, ನಾನೂ ಅಲ್ಲೇ ಹೊಂಟೇನಿ, ಬಾ.”

ಸುಹಾಸಿನಿ ಹಿಂದಕ್ಕೆ ತಿರುಗಿ ನೋಡಿದಳು.

ಧಾರವಾಡದ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಹತ್ತಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾವ ಮುಖ ಹೊತ್ತು ಅವನ ಮುಂದೆ ನಿಲ್ಲುವುದು? ಆ ಮುದುಕಿಯನ್ನು ದವಾಖಾನೆಯಿಂದ ಬಿಡಿಸಿ ತಂದದ್ದು ನಾನು ಬಿಡದೆ ಹೋದ ಒಂದು ಹನಿ ಎಣ್ಣೆಯಲ್ಲವೇ?

ಅವಳು ಬುಟ್ಟಿಯ ಹೆಂಗಸಿನ ಹಿಂದೆ ನಡೆದಳು.

ಹಿಟ್ಟಿನ ಗಿರಣಿ ಗಡಗಡಿಸುತ್ತಿತ್ತು. ಎಂಜಿನ್ನಿನ ಪಕ್ಕದಲ್ಲಿ ಉಡಚಪ್ಪ ನಿಂತಿದ್ದ. ತಲೆಗೂದಲು, ಹುಬ್ಬು ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಅವಳನ್ನು ಕಂಡವನು ಬೆಲ್ಟು ಇಳಿಸಿದ. ಸದ್ದು ನಿಧಾನವಾಗಿ ಸತ್ತಿತು. ಜೋಳ ತಂದ ಹೆಂಗಸರು ತಾವಾಗಿಯೇ ಹೊರಗಿನ ಕಟ್ಟೆಗೆ ಹೋಗಿ ಕೂತರು, ಕಿವಿಗಳನ್ನು ಮಾತ್ರ ಒಳಗೇ ಬಿಟ್ಟು.

“ಪತ್ರ ಮುಟ್ಟೇತಿ ಬಾಯಾರ,” ಎಂದು ಅವನೇ ಆರಂಭಿಸಿದ. ದ್ಯಾಮಣ್ಣನವರೂ ತಿರುಗಿ ಬಾ ಎಂದು ಬರೆದಿದ್ದಾರಂತೆ. “ಹೋಗಬೇಕು. ಆದ್ರ ಈಗ ಹುಬ್ಬಳ್ಳಿಗೆ ಯಾರ ಸಲುವಾಗಿ ಹೋಗ್ಲಿ ಅನಸ್ತೈತಿ.”

ಅವನು ಕೈಗಂಟಿದ ಹಿಟ್ಟು ಕೊಡವಿಕೊಂಡ.

“ಮೊದಲಿನ ಪತ್ರಾನೂ ನೋಡೀನಿ. ದ್ಯಾಮಣ್ಣನವರು ತೋರಿಸಿದ್ರು. ಮೂಲ್ಯಾಗ ನಿಮ್ಮ ಎರಡು ಅಕ್ಷರ ಇದ್ವು. ಒಂದ ಮಾತು ನೀವು ಹೇಳಿದ್ರ ಆಗ್ತಿತ್ತು ಅಂತ ಭಾಳ ದಿವ್ಸ ಅನ್ಕೊಂಡೆ.”

“ಹೌದ್ರಿ. ಎಲ್ಲಾ ಗೊತ್ತಿದ್ದೂ ಟೈಪ್ ಮಾಡಿದೆ. ನನ್ನ ನೌಕರಿ ಉಳೀಲಿ ಅಂತ.”

ಅವನು ತಲೆಯಾಡಿಸಿದ. “ಹೊಸಾ ಪತ್ರದಾಗ ಎಣ್ಣಿ ಬಿಟ್ಟಿದ್ದಿಲ್ಲ ಅಂತ ಐತಿ. ಯಾಕ ಅಂತ ಇಲ್ಲ.”

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಸುಹಾಸಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಕಿರುಗುಟ್ಟಿದ್ರ ನಿಮ್ಮನ್ನ ಕರೀತಾರ ಅಂತ. ನೀವು ಬರ್ಲಿ ಅಂತ.”

ಅವನು ಬೆನ್ನು ತಿರುಗಿಸಿ ಎಂಜಿನ್ನಿನ ಮೇಲೆ ಕೈಯೂರಿ ನಿಂತ. ಆ ಭುಜಗಳು ಅಲುಗುವುದನ್ನು ನೋಡಲಾರದೆ ಅವಳು ನೆಲ ನೋಡಿದಳು.

“ಅವ್ವ ಇಲ್ಲಿ ಬಂದ ಮ್ಯಾಲ ಎರಡು ತಿಂಗಳು ಇದ್ಲು,” ಎಂದ ಅವನು, ತಿರುಗದೆ. “ಅಲ್ಲೇ ಇದ್ದಿದ್ರ ಉಳೀತಿದ್ಲು ಅಂತ ನಾ ಅನ್ನೂದಿಲ್ಲ. ಡಾಕ್ಟರೂ ಅಂದಿದ್ದಿಲ್ಲ. ಆದ್ರ ಇಷ್ಟು ತ್ರಾಸಿಲೆ ಹೋಗ್ತಿದ್ದಿಲ್ಲ.”

  ಸುಹಾಸಿನಿ ತಲೆಯೆತ್ತಿದಳು.

“ಮಾಫ್ ಮಾಡ್ರಿ ಅಂತ ಕೇಳಾಕ ಬಂದಿಲ್ರಿ,” ಎಂದಳು. ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಕೇಳೂ ಮಾರಿ ನನಗಿಲ್ಲ. ನಿಮ್ಮ ಮುಂದ ನಿಂತು ಹೇಳೂದು ಬಾಕಿ ಇತ್ತು. ಹೇಳಿದೆ. ಬರ್ತೇನ್ರಿ.”

ಅವಳು ಬಾಗಿಲ ತನಕ ಬಂದಿದ್ದಳು.

“ನಂದೂ ಒಂದು ಬಾಕಿ ಐತ್ರಿ.”

ಸುಹಾಸಿನಿ ನಿಂತಳು.

“ಮೊದಲನೇ ಸಲಕ್ಕ ನೀವು ಮರ್ತೀರಿ ಅನ್ಕೊಂಡೆ. ಎರಡನೇ ಸಲ ಅನುಮಾನ ಬಂತು. ಯಾಕ ಬಿಡ್ತೀರಿ ಅಂತ ಕೇಳಬೇಕಿತ್ತು. ಕೇಳಿದ್ರ ನೀವು ಹೆದರಿ ವಾರವಾರ ಎಣ್ಣಿ ಹಾಕ್ತೀರಿ. ಮತ್ತ ನನಗ ಧಾರವಾಡಕ್ಕ ಬರೂದು ತಪ್ಪತೈತಿ.” ಅವನು ಮುಖ ಒರೆಸಿಕೊಂಡ; ಹಿಟ್ಟು, ಕಣ್ಣೀರು ಕೂಡಿ ಗಲ್ಲಕ್ಕೆ ಮೆತ್ತಿಕೊಂಡಿತು. “ಅದಕ್ಕ ಕೇಳ್ಲಿಲ್ಲ. ಸುಳ್ಳು ಬರಕೊಂತ ಹೋದೆ. ಅವ್ವನ ದವಾಖಾನಿ ತಪ್ಪಿಸಿದವ್ರು ನೀವು ಒಬ್ರ ಅಲ್ರಿ. ನಾವಿಬ್ರೂ.”

ಅವಳು ತಿರುಗಿ ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ, ಯಂತ್ರವೊಂದು ನಡುವೆ ಇಲ್ಲದೆ ಅವರಿಬ್ಬರೂ ಎದುರುಬದುರು ನಿಂತಿದ್ದರು. ಸಂತೋಷಪಡುವಂಥದು ಅಲ್ಲಿ ಏನೂ ಇರಲಿಲ್ಲ. ಆದರೂ ಅವಳ ಎದೆಯೊಳಗೆ ಐದು ತಿಂಗಳಿಂದ ಬಿಗಿದುಕೊಂಡಿದ್ದು ಸ್ವಲ್ಪ ಸಡಿಲವಾಯಿತು.

ಹೊರಗಿನಿಂದ ಬುಟ್ಟಿಯ ಹೆಂಗಸು ಕೂಗಿದಳು: “ಏ ಉಡಚಪ್ಪ, ನಮ್ಮ ಹಿಟ್ಟು ಇವತ್ತ ಸಿಗತೈತೋ, ನಾಳೆ ಬರೂದೋ?”

“ಬಂದೆ ಯಕ್ಕಾ, ತಡಿ.”

ಅವನು ಬೆಲ್ಟಿಗೆ ಕೈ ಹಾಕಿದ. ಹಾಕಿ ನಿಂತ.

“ಅವ್ವನ ವರ್ಷದ ಕಾರ್ಯ ಮುಗಿಯೂತನ ನಮ್ಮ ಮನ್ಯಾಗ ಲಗ್ನದಂಥ ಛಲೋ ಮಾತು ಆಡಾಂಗಿಲ್ರಿ.”

“ನಾ ಕಾಯ್ತೇನಿ.”

“ಅಲ್ಲೀತನ... ಮತ್ತ ಒಮ್ಮೆ ಬರ್ತೀರೇನು?”

“ಏನ್ ಕಾರಣ ಹೇಳಿ ಬರ್ಲಿ?”

ಅವನ ಕಣ್ಣುಗಳು ಇನ್ನೂ ಒದ್ದೆಯಾಗಿದ್ದವು.

“ಕಾರಣ ಬ್ಯಾಡ್ರಿ,” ಎಂದ. “ಸುಮ್ನ ಬರ್ರಿ.”

“ಬರೂ ಐತವಾರ ಬರ್ತೇನಿ,” ಎಂದಳು ಸುಹಾಸಿನಿ, ಕಟ್ಟೆಯ ಮೇಲಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.